ನಮ್ಮ ರಾಜಕೀಯ ನಿಲುವು ಎಲ್ಲಿಂದ ಬಂತು: ಮನೆಯಲ್ಲೇ ಹುಡುಕಿ ಬರೆದಿಡುವ ಕ್ರಮ

ಯಾವ ಪಕ್ಷ ಸರಿ ಎಂದು ಗಂಟೆಗಟ್ಟಲೆ ವಾದಿಸಬಲ್ಲ ಮನುಷ್ಯನನ್ನು, ಆ ಅಭಿಪ್ರಾಯ ನಿಮಗೆ ಯಾವ ವರ್ಷ, ಯಾರ ಸಹವಾಸದಲ್ಲಿ ಬಂತು ಎಂದು ಕೇಳಿದರೆ, ಆತ ಸಾಮಾನ್ಯವಾಗಿ ಮತ್ತೆ ವಾದಕ್ಕೇ ಮರಳುತ್ತಾನೆ. ತನ್ನ ಮತ್ತು ತನ್ನ ಮನೆಯ ಒಬ್ಬ ಹಿರಿಯರ ರಾಜಕೀಯ ನಿಲುವಿನ ಮೂಲವನ್ನು ಹುಡುಕಿ ಬರೆದಿಡಬೇಕು ಎನ್ನುವವರಿಗಾಗಿ ಈ ಬರಹ. ಒಂದು ನೋಟ್‌ಬುಕ್, ಕೆಲವು ಭಾನುವಾರಗಳು ಮತ್ತು ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳುವ ತಾಳ್ಮೆ ಇದ್ದರೆ ಸಾಕು. ಕೊನೆಯದು ಅಷ್ಟು ಸುಲಭವಲ್ಲ, ವಿಶೇಷವಾಗಿ ಹಿರಿಯರ ಪಕ್ಷ ನಿಮ್ಮ ಪಕ್ಷವಲ್ಲದಿದ್ದಾಗ.

ಮೊದಲ ನಿಯಮವೆಂದರೆ ‘ಏಕೆ’ ಎಂಬ ಪ್ರಶ್ನೆಯನ್ನು ಕಟ್ಟಕಡೆಗೆ ಇಟ್ಟುಕೊಳ್ಳುವುದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ 1977ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಪ್ರಯೋಗದ ವಿವರವಿದೆ. ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಇವುಗಳಲ್ಲಿ ಉತ್ತಮವಾದುದು ಯಾವುದು ಎಂದು ಅಂಗಡಿಗೆ ಬಂದವರನ್ನು ಕೇಳಲಾಯಿತು. ನಾಲ್ಕೂ ಒಂದೇ ಬಗೆಯವಾಗಿದ್ದರೂ, ಬಲತುದಿಯಲ್ಲಿದ್ದ ಜೊತೆಯನ್ನು ಆರಿಸಿದವರೇ ಹೆಚ್ಚು. ಕಾರಣ ಕೇಳಿದಾಗ ಅವರು ಗುಣಮಟ್ಟದ ಮಾತಾಡಿದರೇ ಹೊರತು, ಅದು ಬಲಗಡೆ ಇದ್ದುದರಿಂದ ಆರಿಸಿದೆ ಎಂದು ಯಾರೂ ಹೇಳಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ತಮಗೆ ತೋಚಿದ ಯೋಗ್ಯ ಕಾರಣವನ್ನು ಹೇಳುತ್ತಿದ್ದರು. ರಾಜಕೀಯದಲ್ಲಿ ಈ ತೊಂದರೆ ಇನ್ನೂ ದೊಡ್ಡದು, ಏಕೆಂದರೆ ಯೋಗ್ಯ ಕಾರಣಗಳನ್ನು ಸಿದ್ಧಪಡಿಸಿ ಹಂಚುವುದಕ್ಕೆ ಪಕ್ಷಗಳೇ ಇವೆ. ಆದ್ದರಿಂದ ಎಂದು, ಎಲ್ಲಿ, ಜೊತೆಗೆ ಯಾರಿದ್ದರು, ಯಾರು ಕರೆದುಕೊಂಡು ಹೋದರು, ಅದರಿಂದ ಏನು ಕಳೆದುಕೊಂಡಿರಿ ಎಂಬ ಪ್ರಶ್ನೆಗಳಿಂದ ಆರಂಭಿಸಬೇಕು.

ಮೊದಲು ವರ್ಷಗಳನ್ನು ಬರೆಯಿರಿ

ಹಿರಿಯರ ಮುಂದೆ ಕೂರುವ ಮುನ್ನ ಒಂದು ಪುಟದಲ್ಲಿ ಅವರು ಹುಟ್ಟಿದ ವರ್ಷವನ್ನೂ, ಅವರಿಗೆ ಹದಿನೇಳರಿಂದ ಇಪ್ಪತ್ತೈದು ವಯಸ್ಸಾಗಿದ್ದ ಅವಧಿಯನ್ನೂ ಗುರುತಿಸಿಕೊಳ್ಳಿ. ಒಂದು ತಲೆಮಾರಿನವರು ಯೌವನದ ಆರಂಭದಲ್ಲಿ ಕಂಡ ದೊಡ್ಡ ಘಟನೆಗಳು ಅವರ ಮುಂದಿನ ರಾಜಕೀಯ ದೃಷ್ಟಿಯನ್ನು ರೂಪಿಸುತ್ತವೆ ಎಂಬ ವಿಚಾರವನ್ನು ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ 1928ರಲ್ಲೇ ಮಂಡಿಸಿದ್ದರು. ಮುಂದಿನ ಹಲವು ಅಧ್ಯಯನಗಳು ಅದನ್ನು ಬಹುಮಟ್ಟಿಗೆ ಒಪ್ಪಿವೆ.

ಮೊದಲ ಮತದ ವರ್ಷವನ್ನು ಲೆಕ್ಕ ಹಾಕುವಾಗ ಅನೇಕರು ಎಡವುತ್ತಾರೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರ ಮಾರ್ಚ್‌ನಲ್ಲಿ ಜಾರಿಗೆ ಬಂದ 61ನೇ ಸಂವಿಧಾನ ತಿದ್ದುಪಡಿಯಿಂದ. ಆದ್ದರಿಂದ 1955ರಲ್ಲಿ ಹುಟ್ಟಿದವರಿಗೆ 1972ರ ವಿಧಾನಸಭಾ ಚುನಾವಣೆ ಕೇವಲ ನೋಟ. ಅವರ ಮೊದಲ ಮತ 1977ರ ಲೋಕಸಭೆಗೆ, ಇಲ್ಲವೇ 1978ರ ವಿಧಾನಸಭೆಗೆ ಬಿದ್ದಿರುತ್ತದೆ. ಕರ್ನಾಟಕದ ವಿಧಾನಸಭೆಗೆ 1957ರಿಂದ ಈಚೆಗೆ ಚುನಾವಣೆ ನಡೆದ ವರ್ಷಗಳು 1957, 1962, 1967, 1972, 1978, 1983, 1985, 1989, 1994, 1999, 2004, 2008, 2013, 2018 ಮತ್ತು 2023. ಈ ಸಾಲು ಕೈಯಲ್ಲಿದ್ದರೆ ‘ಆಗ ನನ್ನ ಮದುವೆಯಾಗಿ ಎರಡು ವರ್ಷ’ ಎನ್ನುವ ಮಾತನ್ನು ನಿರ್ದಿಷ್ಟ ಚುನಾವಣೆಗೆ ಹೊಂದಿಸುವುದು ಸುಲಭ.

ಇದರ ಪಕ್ಕದಲ್ಲಿ ಅವರು ಬೆಳೆದ ಪ್ರದೇಶದ ಘಟನೆಗಳನ್ನು ಬರೆದುಕೊಳ್ಳಿ. ಬೀದರ್, ಕಲಬುರಗಿ, ರಾಯಚೂರಿನ ಹಿರಿಯರ ಬಳಿ 1948ರ ಸೆಪ್ಟೆಂಬರ್ ಬಗ್ಗೆ ಕೇಳದೆ ಮುಂದೆ ಹೋಗಬಾರದು. ನಿಜಾಮನ ಪರ ನಿಂತ ರಜಾಕಾರರ ಪಡೆಯ ಭಯದಿಂದ ಊರು ಬಿಟ್ಟ ಕುಟುಂಬಕ್ಕೂ, ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ನಡೆದ ಹಿಂಸೆಯಲ್ಲಿ ತನ್ನವರನ್ನು ಕಳೆದುಕೊಂಡ ಮುಸ್ಲಿಂ ಕುಟುಂಬಕ್ಕೂ ಅದೇ ವರ್ಷ ನೆನಪಿದೆ, ಆದರೆ ಒಂದೇ ಬಗೆಯಲ್ಲಿ ಅಲ್ಲ. ಸಾಗರ ತಾಲ್ಲೂಕಿನವರಾದರೆ 1951ರ ಕಾಗೋಡು ಸತ್ಯಾಗ್ರಹ. ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರು ಅಲ್ಲಿ ಎಚ್. ಗಣಪತಿಯಪ್ಪನವರಂಥವರ ಮುಂದಾಳತ್ವದಲ್ಲಿ ರೈತ ಹೋರಾಟವಾಯಿತು, ಬೆಂಬಲಿಸಲು ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ನರಗುಂದ, ನವಲಗುಂದದ ಕಡೆಯವರಾದರೆ 1980ರ ಜುಲೈ: ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧದ ಚಳವಳಿ, ಗೋಲಿಬಾರ್, ಆ ವರ್ಷವೇ ಹುಟ್ಟಿದ ರೈತ ಸಂಘ. ಹಸಿರು ಶಾಲು ಯಾವ ವರ್ಷ ಹೆಗಲೇರಿತು ಎಂಬ ಒಂದು ಪ್ರಶ್ನೆಗೆ ಕೆಲವು ಮನೆಗಳಲ್ಲಿ ಇಡೀ ಮಧ್ಯಾಹ್ನ ಕಳೆಯುತ್ತದೆ.

ಪಕ್ಷದ ಹೆಸರು ಬೇಡ, ಗುರುತು ಕೇಳಿ

ಹಳೆಯ ಮತದಾರರಿಗೆ ಪಕ್ಷದ ಹೆಸರಿಗಿಂತ ಗುರುತು ಚೆನ್ನಾಗಿ ನೆನಪಿರುತ್ತದೆ. 1969ರ ಒಡಕಿಗೆ ಮುಂಚಿನ ಕಾಂಗ್ರೆಸ್ ಜೋಡೆತ್ತು. ಇಂದಿರಾ ಗಾಂಧಿಯವರ ಬಣ 1971ರ ಚುನಾವಣೆಗೆ ಹೋದದ್ದು ಹಸು-ಕರುವಿನೊಂದಿಗೆ. ಹಸ್ತ ಬಂದದ್ದು 1978ರಲ್ಲಿ. ಜನಸಂಘ ದೀಪ, ಪ್ರಜಾ ಸೋಷಲಿಸ್ಟರು ಗುಡಿಸಲು, ಜನತಾ ಪಕ್ಷ ನೇಗಿಲು ಹೊತ್ತ ರೈತ. ‘ನೀವು ಕಾಂಗ್ರೆಸ್ಸೇ?’ ಎಂದು ಕೇಳಿದರೆ ಹಿರಿಯರು ಇವತ್ತಿನ ಕಾಂಗ್ರೆಸ್ಸಿನ ಬಗ್ಗೆ ಇವತ್ತಿನ ಉತ್ತರ ಕೊಡುತ್ತಾರೆ. ‘ಜೋಡೆತ್ತಿನ ಕಾಲದಲ್ಲಿ ನಿಮ್ಮ ಊರಲ್ಲಿ ಗೋಡೆಗೆ ಬಣ್ಣ ಬಳಿಯುತ್ತಿದ್ದವರು ಯಾರು?’ ಎಂದು ಕೇಳಿದರೆ ಆ ಕಾಲದ ಊರು ಎದ್ದು ಬರುತ್ತದೆ. ಯಾರಿಗೆ ಮತ ಹಾಕಿದಿರಿ ಎಂದು ಮಾತ್ರ ನೇರವಾಗಿ ಕೇಳಬೇಡಿ. ಗುಟ್ಟಿನ ಮತದಾನ ಅವರ ಹಕ್ಕು. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ.

ಹೆಂಗಸರ ಮಾತು ಕೇಳುವಾಗ ಇನ್ನೊಂದು ಎಚ್ಚರ ಬೇಕು. ಗಂಡಸರು ಇರುವ ಕೋಣೆಯಲ್ಲಿ ಅಜ್ಜಿ ‘ನಮ್ಮನೆಯವರು ಹೇಳಿದ್ದಕ್ಕೇ ಒತ್ತಿದೆ’ ಎಂದು ಮುಗಿಸಿಬಿಡುತ್ತಾರೆ, ನೀವೂ ಅದನ್ನೇ ಬರೆದುಕೊಂಡು ಏಳುತ್ತೀರಿ. ಅಡುಗೆಮನೆಯಲ್ಲಿ ಅವರೊಬ್ಬರೇ ಇದ್ದಾಗ ‘ಬೂತಿನ ಮರೆಯೊಳಗೆ ಅಜ್ಜ ಬಂದಿರಲಿಲ್ಲವಲ್ಲ?’ ಎಂದು ಕೇಳಿ ನೋಡಿ. 1987ರ ಆರಂಭದಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ನಡೆದ ಚುನಾವಣೆಯಲ್ಲಿ ಶೇ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಕುಟುಂಬದ ಯಾವ ಹೆಂಗಸಾದರೂ ಆಗ ನಿಂತಿದ್ದರೇ, ಬೇರೆಯವರಿಗಾಗಿ ಮನೆಮನೆಗೆ ಹೋಗಿದ್ದರೇ ಎಂಬುದು ಕೇಳಲೇಬೇಕಾದ ಪ್ರಶ್ನೆ. 2007ರ ಜುಲೈನಲ್ಲಿ ನಿಷೇಧವಾಗುವವರೆಗೆ ಸಾರಾಯಿಯ ವಿರುದ್ಧ ಬೀದಿಗಿಳಿದ ಹಲವು ಹೆಂಗಸರಿಗೆ ಸರ್ಕಾರ ಎಂದರೇನು ಎಂಬುದು ಗೊತ್ತಾದದ್ದು ಅಂಗಡಿಯ ಮುಂದೆ ಕುಳಿತಾಗಲೇ.

ಭೂಮಿಯ ಬಗ್ಗೆ ನಿಧಾನವಾಗಿ ಕೇಳಿ

ಹೆಚ್ಚು ಸಮಯ ಇಡಬೇಕಾದದ್ದು ಇಲ್ಲಿ. ಕರ್ನಾಟಕದ ಹಳ್ಳಿಗಾಡಿನ ಬಹಳಷ್ಟು ಕುಟುಂಬಗಳ ರಾಜಕೀಯ ಸ್ವಭಾವದ ಹಿಂದೆ ಒಂದು ಪಹಣಿ ಇದೆ ಎಂಬುದು ನನ್ನ ತಿಳಿವಳಿಕೆ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿಯಂತೆ ಗೇಣಿ ಜಮೀನುಗಳು 1974ರ ಮಾರ್ಚ್ 1ರಿಂದ ಸರ್ಕಾರದ ವಶವಾದವು. ಉಳುತ್ತಿದ್ದವರು ಫಾರಂ ನಂ. 7 ಸಲ್ಲಿಸಿ ಹಕ್ಕು ಕೇಳಬೇಕಿತ್ತು. ಅದನ್ನು ಆಯಾ ತಾಲ್ಲೂಕಿನ ಭೂ ನ್ಯಾಯಮಂಡಳಿ ತೀರ್ಮಾನಿಸುತ್ತಿತ್ತು. ಕರಾವಳಿಯಲ್ಲಿ ಇದಕ್ಕೆ ಇಂದಿಗೂ ‘ಡಿಕ್ಲರೇಶನ್’ ಎಂದೇ ಹೆಸರು. ಒಬ್ಬರ ಮನೆಯಲ್ಲಿ ಅದು ಡಿಕ್ಲರೇಶನಿನಲ್ಲಿ ಸಿಕ್ಕಿದ ಜಾಗ, ಇನ್ನೊಬ್ಬರ ಮನೆಯಲ್ಲಿ ಡಿಕ್ಲರೇಶನಿನಲ್ಲಿ ಹೋದ ಜಾಗ, ಮತ್ತು ಎರಡು ಮನೆಗಳ ನಡುವೆ ಇರುವುದು ಒಂದು ಕಟ್ಟಹುಣಿ, ಅಂದರೆ ಗದ್ದೆಯ ಬದು, ಮಾತ್ರ.

ಒಕ್ಕಲು ಮನೆಯಲ್ಲಿ ಮಾತುಕತೆ ಹೀಗೆ ಸಾಗಬಹುದು:

“ಅಜ್ಜಿ, ಗೇಣಿ ಯಾವಾಗ ಕೊಡುತ್ತಿದ್ದಿರಿ?”

“ಕೊಯ್ಲಾದ ಮೇಲೆ ಮಗಾ. ಅಕ್ಕಿ ಮುಡಿ ಕಟ್ಟಿ ಹೊತ್ತುಕೊಂಡು ಹೋಗುವುದು.”

“ಎಲ್ಲಿ ಇಳಿಸುತ್ತಿದ್ದಿರಿ?”

“ಅಂಗಳದಲ್ಲಿ. ಜಗಲಿ ಹತ್ತುವ ಹಾಗಿರಲಿಲ್ಲ.”

“ಡಿಕ್ಲರೇಶನ್ ಅಜ್ಜ ಹಾಕಿದ್ದಾ?”

“ಅವರಿಗೆ ಹೆದರಿಕೆ. ನಾಳೆ ಧಣಿಗಳ ಮುಖ ನೋಡುವುದು ಹೇಗೆ ಅಂತ. ಹಾಕಿಸಿದ್ದು ನಿನ್ನ ದೊಡ್ಡಪ್ಪ.”

ಇಲ್ಲಿ ಯಾವ ಪಕ್ಷದ ಹೆಸರೂ ಬಂದಿಲ್ಲ, ಆದರೂ ಮೂರು ಸಂಗತಿಗಳು ನೋಟ್‌ಬುಕ್ಕಿಗೆ ಸೇರಿದವು. ಹತ್ತಲಾಗದ ಜಗಲಿ ಮೊದಲನೆಯದು: ಸಮಾನತೆಯ ಮಾತು ಈ ಮನೆಗೆ ಏಕೆ ಬೇಗ ತಟ್ಟುತ್ತದೆ, ಅಥವಾ ಕೆಲವೊಮ್ಮೆ ಏಕೆ ‘ಅದೆಲ್ಲ ಈಗೇಕೆ’ ಎಂದು ತಳ್ಳಿಹಾಕಲ್ಪಡುತ್ತದೆ ಎಂಬುದಕ್ಕೆ ಅದು ಸುಳಿವು. ಎರಡನೆಯದು ಅಜ್ಜನ ಹೆದರಿಕೆ. ಕಾನೂನು ತನ್ನ ಪರವಾಗಿದ್ದರೂ ನಾಳೆ ಅದೇ ದಾರಿಯಲ್ಲಿ ನಡೆಯಬೇಕಾದವನಿಗೆ ಹಕ್ಕು ಕೇಳುವುದು ಸಂಬಂಧ ಕಡಿದುಕೊಳ್ಳುವ ಕೆಲಸವಾಗಿತ್ತು. ಮೂರನೆಯದು ದೊಡ್ಡಪ್ಪ, ಮತ್ತು ಮುಂದಿನ ಪ್ರಶ್ನೆ ಆತನ ಕುರಿತೇ ಇರಬೇಕು: ಅಜ್ಜನಿಗಿಲ್ಲದ ಧೈರ್ಯ ಅವನಿಗೆ ಎಲ್ಲಿಂದ ಬಂತು? ಬೀಡಿ ಕಾರ್ಮಿಕರ ಸಂಘವೋ, ಹೈಸ್ಕೂಲು ಮಾಸ್ತರೋ, ಮುಂಬಯಿಯಿಂದ ರಜೆಗೆ ಬಂದ ಗೆಳೆಯನೋ? ಒಂದು ಕುಟುಂಬದ ನಿಲುವು ತಿರುಗಿದ ಜಾಗ ಬಹುತೇಕ ಇಂಥ ಒಬ್ಬ ವ್ಯಕ್ತಿಯ ಬಳಿ ಸಿಗುತ್ತದೆ.

ಧಣಿಗಳ ಮನೆಯಲ್ಲೂ ಇಷ್ಟೇ ಎಚ್ಚರದಿಂದ ಕೇಳಬೇಕು. ಭೂಮಿ ಕಳೆದುಕೊಂಡವರೆಲ್ಲ ದೊಡ್ಡ ಜಮೀನ್ದಾರರಾಗಿರಲಿಲ್ಲ. ಉಳಲು ಗಂಡಾಳಿಲ್ಲದ ವಿಧವೆಯರು, ದೇವಸ್ಥಾನದ ಪೂಜೆ ಮಾಡಿಕೊಂಡು ತುಂಡು ಗದ್ದೆಯನ್ನು ಗೇಣಿಗೆ ಕೊಟ್ಟವರು, ನೌಕರಿಗೆ ಪೇಟೆ ಸೇರಿದವರು ಕೂಡ ಅದರಲ್ಲಿದ್ದರು. ಸರ್ಕಾರ ಎಂದರೆ ಕಿತ್ತುಕೊಳ್ಳುವುದು ಎಂಬ ಭಾವನೆ ಅಂಥ ಮನೆಯ ಮಕ್ಕಳಿಗೆ ಊಟದ ಹೊತ್ತಿನ ಮಾತಿನಿಂದಲೇ ಬಂದಿರುತ್ತದೆ. ಮುಂದೆ ಅದಕ್ಕೆ ಅರ್ಥಶಾಸ್ತ್ರದ ಭಾಷೆ ಸೇರಿಕೊಳ್ಳುತ್ತದೆ.

ಆದರೆ ಭೂಮಿ ಸಿಕ್ಕಿದವರು ಕೊಟ್ಟ ಪಕ್ಷಕ್ಕೆ ಋಣಿಗಳಾಗಿಯೇ ಉಳಿದರು ಎಂಬ ತೀರ್ಮಾನಕ್ಕೆ ಹಾರಬೇಡಿ. ಅವಿಭಜಿತ ದಕ್ಷಿಣ ಕನ್ನಡ ಈ ಕಾಯ್ದೆ ಅತ್ಯಂತ ಪರಿಣಾಮಕಾರಿಯಾಗಿ ಜಾರಿಯಾದ ಜಿಲ್ಲೆಗಳಲ್ಲಿ ಒಂದು, ಮತ್ತು ಇಂದು ಅದೇ ಕರಾವಳಿ ಬಿಜೆಪಿಯ ಗಟ್ಟಿ ನೆಲ. ಫಾರಂ ತುಂಬಿದವನಿಗೆ ಇದ್ದ ಕೃತಜ್ಞತೆ ಮಗನಿಗೆ ಇರಲಿಲ್ಲ. ಮಗನಿಗೆ ಬುದ್ಧಿ ತಿಳಿಯುವಾಗಲೇ ಗದ್ದೆ ಸ್ವಂತದ್ದಾಗಿತ್ತು. ಅವನ ಯೌವನದ ಘಟನೆಗಳು ಬೇರೆ: 1990ರ ಮಂಡಲ್ ಗಲಾಟೆ, 1992ರ ಅಯೋಧ್ಯೆ, ಊರಿನ ಭಜನಾ ಮಂಡಳಿ, ಕೊಲ್ಲಿ ದೇಶಗಳ ದುಡ್ಡಿನಲ್ಲಿ ಎದ್ದ ಮನೆಗಳು. ಲಾಭವಾದವರು ಲಾಭ ಮಾಡಿದವರ ಜೊತೆಗೇ ಇರುತ್ತಾರೆ ಎಂಬ ಲೆಕ್ಕಾಚಾರದಲ್ಲಿ ರಾಜಕಾರಣಿಗಳು ಪದೇ ಪದೇ ಸೋಲುವುದು ಇಲ್ಲೇ.

ಮನೆಯಿಂದ ಮಕ್ಕಳಿಗೆ ದಾಟುವುದು ಏನು ಎಂಬ ಬಗ್ಗೆ ಒಂದು ಹಳೆಯ ಅಮೆರಿಕನ್ ಅಧ್ಯಯನ ಉಪಯುಕ್ತ. ಕೆಂಟ್ ಜೆನ್ನಿಂಗ್ಸ್ ಮತ್ತು ರಿಚರ್ಡ್ ನೀಮಿ 1965ರಲ್ಲಿ ಹೈಸ್ಕೂಲಿನ ಕೊನೆಯ ವರ್ಷದ ವಿದ್ಯಾರ್ಥಿಗಳನ್ನೂ ಅವರ ತಂದೆತಾಯಿಯರನ್ನೂ ಬೇರೆಬೇರೆಯಾಗಿ ಸಂದರ್ಶಿಸಿದಾಗ, ಯಾವ ಪಕ್ಷದವರು ಎಂಬ ಗುರುತು ಸಾಕಷ್ಟು ಹೊಂದಿಕೆಯಾಯಿತು, ಬಿಡಿ ವಿಷಯಗಳ ಮೇಲಿನ ಅಭಿಪ್ರಾಯಗಳು ಅಷ್ಟಾಗಿ ಹೊಂದಲಿಲ್ಲ. ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ‘ಪಕ್ಷ’ ಮತ್ತು ‘ವಿಚಾರ’ ಎಂದು ಎರಡು ಕಾಲಂ ಮಾಡಿಕೊಳ್ಳಿ. ಅಪ್ಪನ ಪಕ್ಷವನ್ನೇ ಹಿಡಿದಿರುವ ಮಗ ಮೀಸಲಾತಿ, ಮದುವೆ, ಭಾಷೆಯ ವಿಷಯದಲ್ಲಿ ಅಪ್ಪನಿಂದ ಎಷ್ಟು ದೂರ ಬಂದಿದ್ದಾನೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

ಮನೆ ಬಿಟ್ಟ ಮೇಲೆ

ಎಲ್ಲವೂ ಜಾತಿಯಿಂದಲೇ ನಿರ್ಧಾರವಾಗುತ್ತದೆ ಎನ್ನುವವರಿಗೆ ಚುನಾವಣೆಯ ರಾತ್ರಿ ಟಿವಿಯಲ್ಲಿ ಬೇಡಿಕೆ ಹೆಚ್ಚು. ಜಾತಿಯ ಪ್ರಭಾವ ಸಣ್ಣದೇನಲ್ಲ, ಆದರೆ ‘ಜಾತಿ’ ಎಂದು ಒಂದೇ ಪದ ಬರೆದು ಸುಮ್ಮನಾದರೆ ಏನೂ ತಿಳಿಯುವುದಿಲ್ಲ. ಅದು ಕೆಲಸ ಮಾಡುವ ದಾರಿಗಳನ್ನು ಕೇಳಬೇಕು: ಯಾವ ಹಾಸ್ಟೆಲಿನಲ್ಲಿ ಉಂಡಿರಿ, ಮಠದ್ದೋ, ಸಮುದಾಯದ ಸಂಘದ್ದೋ, ಸರ್ಕಾರ ಹಿಂದುಳಿದ ವರ್ಗಗಳಿಗಾಗಿ ನಡೆಸುವ ಬಿಸಿಎಂ ಹಾಸ್ಟೆಲೋ? ರೂಮಿನಲ್ಲಿ ಜೊತೆಗಿದ್ದವರು ಯಾರು? ರಾತ್ರಿ ಮೆಸ್ಸಿನಲ್ಲಿ ಯಾರ ಮಾತು ನಡೆಯುತ್ತಿತ್ತು? 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದ ಮಾತಿನಿಂದ ಎದ್ದ ಗಲಾಟೆಯಲ್ಲಿ ಅವರು ಸ್ಥಾನ ಬಿಡಬೇಕಾಯಿತು. ಕಾಲೇಜು, ಹಾಸ್ಟೆಲುಗಳಲ್ಲಿದ್ದ ದಲಿತ ವಿದ್ಯಾರ್ಥಿಗಳು ಆ ದಿನಗಳಲ್ಲಿ ಅನುಭವಿಸಿದ್ದು ಮುಂದೆ ದಲಿತ ಸಂಘರ್ಷ ಸಮಿತಿಯ ಹುಟ್ಟಿಗೆ ನೆಲೆಯಾಯಿತು. ಆ ತಲೆಮಾರಿನವರು ಮನೆಯಲ್ಲಿದ್ದರೆ, ಗಲಾಟೆಯ ದಿನ ಅವರು ಯಾವ ಊರಲ್ಲಿ, ಯಾವ ಕೋಣೆಯಲ್ಲಿ, ಯಾರೊಂದಿಗೆ ಇದ್ದರು ಎಂದು ಕೇಳಿ.

ಕರಾವಳಿಯ ಅನೇಕ ಹುಡುಗರ ಪಾಲಿಗೆ ಕಾಲೇಜಿನ ಜಾಗದಲ್ಲಿ ಇದ್ದದ್ದು ಮುಂಬಯಿ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಕಲಿತವರು ಅಲ್ಲಿ ಕಾರ್ಮಿಕ ಸಂಘಗಳನ್ನೂ ಕಂಡರು. ಮಂಗಳೂರಿನ ಸೋಷಲಿಸ್ಟ್ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಸೋಲಿಸಿದಾಗ ಊರಿನಲ್ಲಿದ್ದ ಅಪ್ಪ ಜೋಡೆತ್ತು, ಮುಂಬಯಿಯಲ್ಲಿದ್ದ ಮಗ ಸೋಷಲಿಸ್ಟ್ ಎಂಬ ಸ್ಥಿತಿ ಅಸಾಧ್ಯವೇನಾಗಿರಲಿಲ್ಲ.

ಹೊಸ ಸಹವಾಸದಲ್ಲಿ ಬಂದ ನಿಲುವು ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಥಿಯೊಡೋರ್ ನ್ಯೂಕಾಂಬ್ ಉತ್ತರ ಹುಡುಕಿದ್ದರು. 1930ರ ದಶಕದಲ್ಲಿ ಅಮೆರಿಕದ ಬೆನಿಂಗ್ಟನ್ ಕಾಲೇಜಿಗೆ ಸಂಪ್ರದಾಯಸ್ಥ, ಅನುಕೂಲಸ್ಥ ಮನೆಗಳಿಂದ ಬಂದ ಯುವತಿಯರು ಅಲ್ಲಿನ ವಾತಾವರಣದಲ್ಲಿ ಉದಾರವಾದಿಗಳಾದರು. ಸುಮಾರು ಕಾಲು ಶತಮಾನದ ನಂತರ ಅವರನ್ನೇ ಮತ್ತೆ ಹುಡುಕಿ ಮಾತಾಡಿಸಿದಾಗ ಬಹುತೇಕರು ಹಾಗೆಯೇ ಉಳಿದಿದ್ದರು. ತಮ್ಮಂತೆ ಯೋಚಿಸುವ ಗಂಡಂದಿರು, ಗೆಳತಿಯರು ಜೊತೆಗಿದ್ದದ್ದು ಅದಕ್ಕೆ ಒಂದು ಮುಖ್ಯ ಕಾರಣ. ಆದ್ದರಿಂದ ನಿಲುವು ಬದಲಾದ ವರ್ಷದೊಂದಿಗೆ, ಆಮೇಲೆ ಯಾರ ನಡುವೆ ಬದುಕಿದರು ಎಂಬುದನ್ನೂ ಬರೆಯಿರಿ.

ಪತ್ರಿಕೆ, ರೇಡಿಯೊ, ಮೊಬೈಲುಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಅವುಗಳಿಗೆ ಈಗಾಗಲೇ ಸಲ್ಲಬೇಕಾದುದಕ್ಕಿಂತ ಹೆಚ್ಚು ಗಮನ ಸಲ್ಲುತ್ತಿದೆ. 1940ರಲ್ಲಿ ಒಹಾಯೊ ರಾಜ್ಯದ ಒಂದು ಕೌಂಟಿಯಲ್ಲಿ ಮತದಾರರನ್ನು ತಿಂಗಳುಗಟ್ಟಲೆ ಹಿಂಬಾಲಿಸಿದ ಪಾಲ್ ಲಜಾರ್ಸ್‌ಫೆಲ್ಡ್ ತಂಡಕ್ಕೆ ಪತ್ರಿಕೆ, ರೇಡಿಯೊಗಳಿಗಿಂತ ಪರಿಚಯದವರ ಮಾತೇ ಪ್ರಬಲವಾಗಿ ಕಂಡಿತ್ತು. ಹಾಗಾಗಿ ಯಾವ ಪತ್ರಿಕೆ ಬರುತ್ತಿತ್ತು ಎಂದು ಕೇಳಿದ ಕೂಡಲೇ, ಅದನ್ನು ಗಟ್ಟಿಯಾಗಿ ಓದುತ್ತಿದ್ದವರು ಯಾರು, ಯಾರ ಅಂಗಡಿಯ ಮುಂದೆ ಎಂದೂ ಕೇಳಬೇಕು. ವಾಟ್ಸಾಪಿನಲ್ಲೂ ಇದೇ ಕ್ರಮ: ಸಂದೇಶ ಏನೆಂಬುದು ಆಮೇಲೆ, ಗುಂಪಿಗೆ ನಿಮ್ಮನ್ನು ಸೇರಿಸಿದವರು ಯಾರು ಎಂಬುದು ಮೊದಲು.

ಮತವನ್ನೇ ನಿಲುವು ಎಂದುಕೊಳ್ಳಬೇಡಿ

ಕರ್ನಾಟಕದ ಮತದಾರರು ಈ ವಿಷಯದಲ್ಲಿ ಒಳ್ಳೆಯ ಪಾಠ ಹೇಳಿಕೊಟ್ಟಿದ್ದಾರೆ. ತುರ್ತು ಪರಿಸ್ಥಿತಿಯ ನಂತರ 1977ರಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿದಾಗ ಇಲ್ಲಿನ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದವು. 1984ರ ಡಿಸೆಂಬರಿನಲ್ಲಿ ಅದೇ 28ರಲ್ಲಿ 24 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟ ಜನ, 1985ರ ಮಾರ್ಚಿನ ಹೊತ್ತಿಗೆ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಸ್ಥಾನ ಕೊಟ್ಟರು. ಇತ್ತೀಚಿನದೇ ಬೇಕೆಂದರೆ ದಕ್ಷಿಣ ಕನ್ನಡದ ಎಂಟು ಕ್ಷೇತ್ರಗಳಲ್ಲಿ 2013ರಲ್ಲಿ ಏಳು ಕಾಂಗ್ರೆಸ್ಸಿಗೆ, 2018ರಲ್ಲಿ ಏಳು ಬಿಜೆಪಿಗೆ. ಇಡೀ ಜಿಲ್ಲೆಯ ಮನಸ್ಸು ಐದು ವರ್ಷದಲ್ಲಿ ತಲೆಕೆಳಗಾಯಿತು ಎಂದು ನಾನು ನಂಬುವುದಿಲ್ಲ. ಅಭ್ಯರ್ಥಿ, ಬೇಸರ, ನೀರಿನ ಪೈಪು, ಗೆಲ್ಲುವವರ ಕಡೆ ಇರಬೇಕೆಂಬ ಲೆಕ್ಕ, ಆ ತಿಂಗಳ ಒಂದು ಕೊಲೆ, ಇವೆಲ್ಲ ಮತವನ್ನು ತಿರುಗಿಸುತ್ತವೆ. ನಂಬಿಕೆ ಅಷ್ಟು ಬೇಗ ತಿರುಗುವುದಿಲ್ಲ.

ನಂಬಿಕೆಯನ್ನು ಗುರುತಿಸಲು ಒಂದು ಪರೀಕ್ಷೆ ಇದೆ: ಅದಕ್ಕಾಗಿ ಏನಾದರೂ ತೆತ್ತಿದ್ದಾರೆಯೇ ಎಂದು ನೋಡುವುದು. ಭಾವಮೈದುನನೊಂದಿಗೆ ಮಾತು ಬಿಟ್ಟದ್ದು, ಗುತ್ತಿಗೆ ತಪ್ಪಿದ್ದು, ಸೊಸೈಟಿಯ ಸಾಲ ನಿಂತದ್ದು, ಜೈಲಿಗೆ ಹೋದದ್ದು, ದೇವಸ್ಥಾನದ ಸಮಿತಿಯಿಂದ ಹೆಸರು ಹೊಡೆದದ್ದು. ಏನೂ ತೆರದ ನಿಲುವು ಸುಳ್ಳೆಂದಲ್ಲ. ಅದನ್ನು ಬೇರೆ ಶಾಯಿಯಲ್ಲಿ ಬರೆದುಕೊಳ್ಳಿ, ಅಷ್ಟೇ.

ಕೊನೆಗೆ ನಿಮ್ಮ ಸರದಿ

ಹಿರಿಯರ ಪುಟಗಳು ತುಂಬಿದ ಮೇಲೆಯೇ ನಿಮ್ಮದನ್ನು ಬರೆಯಿರಿ, ಇಲ್ಲವಾದರೆ ಅವರ ಕಥೆ ನಿಮ್ಮ ವಾದಕ್ಕೆ ಸಾಕ್ಷಿಯಾಗಿಬಿಡುತ್ತದೆ. ಅದೇ ಪ್ರಶ್ನೆಗಳು: ಹದಿನೇಳರಿಂದ ಇಪ್ಪತ್ತೈದರ ನಡುವೆ ಏನಾಯಿತು, ಮೊದಲ ಸಭೆಗೆ ಯಾರ ಬೈಕಿನಲ್ಲಿ ಹೋದಿರಿ, ಯಾವ ಕಚೇರಿಯ ಕಿಟಕಿಯ ಮುಂದೆ ಮೊದಲು ಸಿಟ್ಟು ಬಂತು, ಯಾವ ಅಭಿಪ್ರಾಯವನ್ನು ಯಾರೆದುರು ಬಾಯಿಬಿಟ್ಟು ಹೇಳಲು ಇಂದಿಗೂ ಹಿಂಜರಿಯುತ್ತೀರಿ. ಬೆಂಗಳೂರಿನಲ್ಲೋ, ದುಬೈಯಲ್ಲೋ, ನ್ಯೂಜೆರ್ಸಿಯಲ್ಲೋ ಕುಳಿತು ಬರೆಯುವವರು ಊರು ಬಿಟ್ಟ ವರ್ಷವನ್ನು ಮರೆಯದೆ ಹಾಕಬೇಕು, ಏಕೆಂದರೆ ದೂರದಲ್ಲಿರುವವರ ತಲೆಯಲ್ಲಿ ಊರಿನ ರಾಜಕೀಯ ಅನೇಕ ಸಲ ಆ ವರ್ಷದಲ್ಲೇ ನಿಂತಿರುತ್ತದೆ.

ಇಷ್ಟಾದ ಮೇಲೆ ‘ಏಕೆ’ ಎಂದು ಕೇಳಿಕೊಳ್ಳಬಹುದು. ಈಗ ಬರುವ ಉತ್ತರವನ್ನು ಹಿಂದಿನ ಪುಟಗಳ ಪಕ್ಕದಲ್ಲಿಟ್ಟು, ನೀವು ಹೇಳುವ ಕಾರಣ ನಿಮಗೆ ಗೊತ್ತಾದ ವರ್ಷವೂ ನಿಲುವು ಬಂದ ವರ್ಷವೂ ಒಂದೇ ಆಗಿವೆಯೇ ನೋಡಿ. ಕಾರಣ ಆಮೇಲೆ ಬಂದಿದ್ದರೆ ಅದು ತಪ್ಪು ಕಾರಣವೆಂದೇನೂ ಅಲ್ಲ. ಆಮೇಲೆ ಬಂದ ಕಾರಣವನ್ನು ನಿಂತ ಕಾಲಿನ ಮೇಲೆ ಒಪ್ಪಿಕೊಂಡದ್ದೋ, ಎದುರು ಪಕ್ಷದ ವಾದವನ್ನೂ ಓದಿ ಒಪ್ಪಿಕೊಂಡದ್ದೋ ಎಂಬುದನ್ನು ಒಂದು ಸಾಲಿನಲ್ಲಿ ದಾಖಲಿಸಿ.

ಬರೆದದ್ದನ್ನು ಹಿರಿಯರಿಗೆ ಓದಿ ಹೇಳಿ. ‘ಹಾಗಲ್ಲ, ಅದು ಮುಂದಿನ ವರ್ಷ’ ಎಂದೋ, ‘ಆ ಮಾತು ನಾನು ಹೇಳಿಯೇ ಇಲ್ಲ’ ಎಂದೋ ತಕರಾರು ಬರುತ್ತದೆ. ಮೊದಲು ಬರೆದದ್ದನ್ನು ಅಳಿಸದೆ, ತಿದ್ದುಪಡಿಯನ್ನು ದಿನಾಂಕದೊಂದಿಗೆ ಅಂಚಿನಲ್ಲಿ ಸೇರಿಸಿ. ಅವರು ಬೇಡವೆಂದ ಹೆಸರುಗಳನ್ನು ತೆಗೆದುಹಾಕಿ. ಕುಟುಂಬದ ವಾಟ್ಸಾಪ್ ಗುಂಪಿಗೆ ಇದರ ಫೋಟೊ ಹಾಕುವ ಯೋಚನೆ ಇದ್ದರೆ, ಅದಕ್ಕೆ ಮುಂಚೆ ಅವರ ಒಪ್ಪಿಗೆಯನ್ನು ಬಾಯಿಮಾತಿನಲ್ಲಾದರೂ ಪಡೆಯಿರಿ.